ಚೀಲದಲ್ಲಿದ್ದ ಖಾರ

ಅವನ ಬಿಳಿ ಅಂಗಿಯ ಮೇಲಿನ ಕೆಂಪನ್ನು ಪೊಲೀಸರು ರಕ್ತವೆಂದುಕೊಂಡರು. ಅದು ಬ್ಯಾಡಗಿ ಮೆಣಸಿನಕಾಯಿಯ ಬಣ್ಣ. ಸಿಡ್ನಿಯ ಹ್ಯಾರಿಸ್ ಪಾರ್ಕ್ ಸ್ಟೇಷನ್ನಿನಿಂದ ಮನೆಗೆ ನಡೆಯುತ್ತಿದ್ದಾಗ ಹಿಂದಿನಿಂದ ಬಂದು ಕತ್ತು ಹಿಡಿದವನ ಮುಖಕ್ಕೆ ನಾನೇ ಎರಚಿದ್ದೆ.

ಹುಬ್ಬಳ್ಳಿಯಲ್ಲಿ ಕಾಲೇಜಿಗೆ ಹೊರಟರೆ ಅವ್ವ ಖಾರಪುಡಿಯ ಪೊಟ್ಟಣವನ್ನು ಚೀಲಕ್ಕೆ ಹಾಕುತ್ತಿದ್ದಳು. ಬಣ್ಣಕ್ಕೆ ಬ್ಯಾಡಗಿ, ಉರಿಗೆ ಗುಂಟೂರು. ಊಟದ ಡಬ್ಬಿಯಷ್ಟೇ ಸಹಜ. ಇಲ್ಲಿ ಗಾಳಿ ಜೋರು, ಪುಡಿ ನನ್ನ ಕಣ್ಣಿಗೇ ಬಿದ್ದೀತೆಂದು ನೀರಲ್ಲಿ ಕದಡಿ, ಸೋಸಿ, ಖಾಲಿ ಸೆಂಟಿನ ಬಾಟಲಿಗೆ ತುಂಬಿದ್ದೆ. ಆ ಜಾಣತನಕ್ಕೆ ಹೆಮ್ಮೆಯೂ ಇತ್ತು.

ನಮ್ಮೂರಲ್ಲಿ ಪೊಲೀಸರೆಂದರೆ ಬಾಯಿಗೆ ಬೀಗ. ಇಲ್ಲಿಯವರು ಕೂರಿಸಿದರು, ನೀರು ಕೊಟ್ಟರು, ಬಾಟಲಿ ಯಾಕೆಂದು ಮೆಲ್ಲಗೆ ಕೇಳಿದರು. ಕರಗಿಹೋದೆ. ರಕ್ಷಣೆಗೆಂದೇ ಮನೆಯಲ್ಲಿ ಮಾಡಿದ್ದು, ದಿನಾ ಒಯ್ಯುತ್ತೇನೆ ಎಂದೆ. ಅದನ್ನು ಬರೆದುಕೊಂಡರು.

“ಎರಚಿದ್ದು ತಪ್ಪಲ್ಲಮ್ಮ, ಜೀವ ಉಳಿಸ್ಕೊಳ್ಳೋ ಹಕ್ಕಿದೆ. ಇಟ್ಕೊಂಡು ಓಡಾಡಿದ್ದು ತಪ್ಪು. ಕೇಸ್ ಹಾಕ್ತಾರೆ,” ಎಂದರು ಲಾಯರ್ ಶಾರದಾ ಆಂಟಿ, ಮೈಸೂರಿನವರು. ಇಂಥ ಬಾಟಲಿ ಸಿಡ್ನಿ ಇರುವ ರಾಜ್ಯದಲ್ಲಿ ನಿಷೇಧಿತ ಆಯುಧ. ಪರ್ತ್ ಇರುವ ರಾಜ್ಯದಲ್ಲಿ ಖಾರದ ಸ್ಪ್ರೇ ಇಟ್ಟುಕೊಳ್ಳಲು ಅವಕಾಶವಿದೆಯಂತೆ. ದೇಶ ಒಂದೇ, ರಾಜ್ಯಕ್ಕೊಂದು ನ್ಯಾಯ. ನಾನೋ ಪಿಆರ್‌ಗೆ, ಅಂದರೆ ಕಾಯಂ ಇಲ್ಲಿಯೇ ಉಳಿಯುವ ಪರವಾನಗಿಗೆ, ಅರ್ಜಿ ಹಾಕಿ ಕೂತವಳು. ನಡತೆ ನೋಡದೆ ಅದನ್ನು ಕೊಡುವುದಿಲ್ಲ.

ಅಷ್ಟರಲ್ಲಿ ಬೆಂಗಳೂರಿನ ಸುರೇಶ್ ಅಂಕಲ್ ಹುಡುಕಿಕೊಂಡು ಬಂದರು. ಸ್ಪ್ರೇಗೆ ಅನುಮತಿ ಬೇಕೆಂದು ಎಂಪಿಗಳ ಕಚೇರಿ ಸುತ್ತುವ ಗುಂಪೊಂದರ ಮುಂದಾಳು.

“ನಿಮ್ಮ ಸ್ಟೋರಿ ಒಂದು ಸಾಕಮ್ಮ, ಲಾ ಚೇಂಜ್ ಆಗತ್ತೆ. ನಿಮ್ ಹಿಂದೆ ನಾವೆಲ್ಲಾ ಇದೀವಿ.”

ಮಾತಾಡಬೇಡವೆಂದು ಆಂಟಿ ಬೈದರೂ ಕೇಳದೆ ಸಭೆಯಲ್ಲಿ ಮೈಕು ಹಿಡಿದು ಅತ್ತೆ. ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು. ಪರದೇಶದಲ್ಲಿ ನನಗೂ ಬಳಗವಿದೆ ಎನಿಸಿ ಎದೆ ತುಂಬಿತು. ಆ ಸಭೆಯ ಏರ್ಪಾಡೆಲ್ಲ ಸ್ಪ್ರೇ ತರಿಸಿ ಮಾರಲು ಕಾದಿದ್ದ ವ್ಯಾಪಾರಿಗಳದೆಂದು ಆಮೇಲೆ ಗೊತ್ತಾಯಿತು. ಕೇಸು ದಾಖಲಾದ ಮೇಲೆ ಅಂಕಲ್ಲಿಗೆ ನಾನೇ ಫೋನ್ ಮಾಡಿದೆ.

“ಕೇಸ್ ಇರೋರನ್ನ ಎಂಪಿ ಮುಂದೆ ಕೂರ್ಸೋಕಾಗಲ್ಲಮ್ಮ. ಬೇರೆ ಯಾರಾದ್ರೂ ಇದ್ರೆ ಹೇಳಿ.”

ನಡುನೀರಿನಲ್ಲಿ ಕೈಬಿಟ್ಟರು. ಕತ್ತು ಹಿಡಿದವನಿಗಿಂತ ಈ ಮನುಷ್ಯನ ಮೇಲೆಯೇ ನನಗೆ ಇಂದಿಗೂ ಹೆಚ್ಚು ಸಿಟ್ಟು.

ನ್ಯಾಯಾಲಯ ನನಗೆ ಶಿಕ್ಷೆ ಕೊಡದೆ ಎಚ್ಚರಿಸಿ ಬಿಟ್ಟಿತು. ಆದರೆ ಪಿಆರ್ ಅರ್ಜಿ ಇನ್ನೂ ಅಲ್ಲೇ ಕೂತಿದೆ. ಕತ್ತು ಹಿಡಿದವನಿಗೆ ಶಿಕ್ಷೆಯಾಯಿತು, ನಿಜ. ಆದರೆ ಅವನು ಇಲ್ಲೇ ಹುಟ್ಟಿದವನು. ಜೈಲಿನಿಂದ ಬಂದರೂ ದೇಶ ಬಿಡು ಎಂದು ಅವನಿಗೆ ಯಾರೂ ಹೇಳಲಾರರು.

ಆ ರಸ್ತೆಯಲ್ಲಿ ಮತ್ತೆ ನಡೆಯಲಾಗದೆ ಮೆಲ್ಬರ್ನ್‌ಗೆ ಬಂದೆ. ಡ್ಯಾಂಡಿನಾಂಗ್‌ನಲ್ಲಿ ಗೋದಾಮಿನ ಕೆಲಸ. ಸ್ಪ್ರೇ ಇಲ್ಲಿಯೂ ನಿಷಿದ್ಧ. ಕೆಲಸ ಮುಗಿಸಿ ನಡೆಯುವಾಗ ಅವ್ವನಿಗೆ ಫೋನ್ ಮಾಡುತ್ತೇನೆ.

“ಚೀಲದಾಗ ಖಾರಪುಡಿ ಐತಿಲ್ಲೋ?”

“ಐತಿ ಬೇ.”

ಹಿಂದೆ ಹೆಜ್ಜೆ ಸಪ್ಪಳವಾದರೆ ಹುಬ್ಬಳ್ಳಿಯ ಕೈ ತಾನಾಗಿಯೇ ಚೀಲಕ್ಕೆ ಹೋಗುತ್ತದೆ. ಅಲ್ಲಿ ಊಟದ ಡಬ್ಬಿಯೊಂದೇ ಇದೆ.