ಮೂವತ್ತೊಂದನೆಯ ಯಂತ್ರ

ಉಸ್ತಾದರ ಬಲಗೈ ತೋರುಬೆರಳಿನ ತುದಿ ನಡುವೆ ಸೀಳಿ, ಎರಡು ಸಣ್ಣ ದಿಬ್ಬಗಳಾಗಿ ಕೂಡಿಕೊಂಡಿತ್ತು. ಕಂಪ್ಯೂಟರಿನ ಕೆಲಸಕ್ಕೆ ಬರುವ ಮುಂಚೆ ಅವರು ರಾಯಚೂರಿನ ಅಕ್ಕಿ ಗಿರಣಿಯೊಂದರಲ್ಲಿ ಚೀಲ ಹೊಲಿಯುತ್ತಿದ್ದರು. ದಬ್ಬಣ ಹೊಕ್ಕು ಹೋದ ಗುರುತು ಅದು. ಆ ಬೆರಳಿಗೆ ಸ್ಪರ್ಶಜ್ಞಾನವೇ ಇರಲಿಲ್ಲವಾದ್ದರಿಂದ ಕೀಲಿಮಣೆಯನ್ನು ನಡುಬೆರಳಿನಿಂದ ಕುಟ್ಟುತ್ತಿದ್ದರು. ಕಿಸೆಯಲ್ಲಿ ಗಿರಣಿಯ ಸುತಳಿಯ ಉಂಡೆ ಮಾತ್ರ ಎಂದೂ ತಪ್ಪುತ್ತಿರಲಿಲ್ಲ.

ನಾನು ಅರಕೇರಾದವನು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟೆ. ಮದುವೆಯಾದ ಮೇಲೆ ಅವರ ಅಂಗಡಿಗೆ ಪೆಟ್ಟಿಗೆ ಹೊರಲು ಸೇರಿ, ಹೊರುತ್ತ ಹೊರುತ್ತಲೇ ಕೆಲಸ ಕಲಿತೆ. ಪರದೆಯ ಮೇಲೆ ತಪ್ಪಿನ ಸಂದೇಶ ಬಂದರೆ ನನಗೆ ಓದಲು ಬರುತ್ತಿರಲಿಲ್ಲ. ಉಸ್ತಾದರು ಅದನ್ನು ಅಕ್ಷರ ಬಿಡದಂತೆ ವಹಿಯಲ್ಲಿ ಬರೆಸುತ್ತಿದ್ದರು. ನಾನು ನಾಚಿಕೊಂಡರೆ, "ಇಂಗ್ಲಿಷ್ ಬರೋರು ಓದದ ಓಕೆ ಒತ್ತಿ ಬಿಡ್ತಾರಲೇ ತಮ್ಮಾ. ನಿನಗ ಬರಂಗಿಲ್ಲ, ಅದಕ್ಕ ನೀ ಪೂರಾ ನೋಡ್ತಿ" ಎನ್ನುತ್ತಿದ್ದರು. ಆ ಮಾತಿನಿಂದ ನನ್ನ ಎದೆ ಉಬ್ಬಿತು. ಆಮೇಲೆ ತುಸು ಹೆಚ್ಚೇ ಉಬ್ಬಿತು.

ಕಾಲೇಜುಗಳ ಲ್ಯಾಬುಗಳಿಗೆ ಕಂಪ್ಯೂಟರ್ ಸಜ್ಜು ಮಾಡಿಕೊಡುವುದು ನಮ್ಮ ಕೆಲಸ. ಒಂದು ಯಂತ್ರವನ್ನು ಪೂರ್ತಿ ತಯಾರು ಮಾಡಿ, ಅದರ ಪಡಿಯಚ್ಚನ್ನು ನಮ್ಮ ಸರ್ವರಿನಲ್ಲಿ ಇಡುತ್ತೇವೆ. ಉಳಿದವು ನೆಟ್‌ವರ್ಕ್ ವೈರಿನ ಮೂಲಕ ಅದನ್ನು ಎಳೆದುಕೊಂಡು ತಮ್ಮಷ್ಟಕ್ಕೆ ತಾವೇ ತುಂಬಿಕೊಳ್ಳುತ್ತವೆ. ಯಾವ ಭಾಷೆ, ಏನು ಹೆಸರು, ಯಾವ ಡಿಸ್ಕ್ ಅಳಿಸಬೇಕು ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಮೊದಲೇ ಒಂದು ಕಡತದಲ್ಲಿ ಬರೆದಿರುತ್ತದೆ. ಯಾರೂ ಮುಂದೆ ಕೂರಬೇಕಿಲ್ಲ. ಅದರ ಸುಖವೂ ಅದೇ, ಭಯವೂ ಅದೇ. ಅದೇ ವೈರಿನ ಜಾಲದಲ್ಲಿರುವ ಬೇರೆ ಯಂತ್ರವನ್ನು ಅಳಿಸುವ ಮುಂಚೆಯೂ ಅದು ಯಾರನ್ನೂ ಕೇಳುವುದಿಲ್ಲ.

ಅದಕ್ಕೇ ಆ ಸುತಳಿ. ಕೆಲಸ ಶುರು ಮಾಡುವ ಮುಂಚೆ ಉಸ್ತಾದರು ಕಟ್ಟಡವೆಲ್ಲ ಸುತ್ತಿ, ನಮ್ಮದಲ್ಲದ ಪ್ರತಿ ಯಂತ್ರದ ನೆಟ್‌ವರ್ಕ್ ವೈರು ಕಿತ್ತು, ಸುತ್ತಿ, ಸುತಳಿ ಬಿಗಿಯುತ್ತಿದ್ದರು. ಚೀಲದ ಬಾಯಿಗೆ ಹಾಕುವಂಥ, ಒಂದೇ ಎಳೆತಕ್ಕೆ ಬಿಚ್ಚುವ ಗಂಟು. ಕೆಲಸ ಮುಗಿದ ಮೇಲೆ ಅದನ್ನು ನಾವು ಬಿಚ್ಚುವಂತಿರಲಿಲ್ಲ. "ಯಾರ ಮಷೀನ್ ಅದ, ಅವರು ತಮ್ಮ ಫೈಲ್ ನೋಡಿಕೊಂಡು ಅವರ ಕೈಲೇ ಬಿಚ್ಚಲಿ."

ಮಾನ್ವಿಯ ಒಂದು ಕಾಲೇಜಿನಲ್ಲಿ ಮೊದಲ ಸಲ ನನ್ನೊಬ್ಬನನ್ನೇ ಬಿಟ್ಟು ಅವರು ದೇವದುರ್ಗದ ಕೆಲಸಕ್ಕೆ ಹೋದರು. ಲ್ಯಾಬಿನ ಪಕ್ಕದ ಆಫೀಸಿನಲ್ಲಿ ಹಂಗಾಮಿ ಗುಮಾಸ್ತೆಯಾಗಿದ್ದ ಅಕ್ಕೋರು ಒಬ್ಬರಿದ್ದರು. ಸುತಳಿ ಹಿಡಿದು ಹೋದ ನನ್ನನ್ನು ನೋಡಿ ನಕ್ಕರು. "ಇದೇನಪ, ಕಂಪ್ಯೂಟರಿಗೆ ದೃಷ್ಟಿದಾರ ಕಟ್ಟಾಕ ಬಂದೀಯೇನು? ನಂದು ಬಂದ್ ಮಾಡೀನಿ ಹೋಗು."

ನನಗೆ ಅವಮಾನವಾಯಿತು. ಬಂದ್ ಆಗಿರುವ ಯಂತ್ರ ಏನು ಮಾಡೀತು ಎಂದು ಸುತಳಿಯನ್ನು ಕಿಸೆಗೆ ತುರುಕಿ ತಿರುಗಿದೆ.

ಊಟದ ಹೊತ್ತಿಗೆ ಕರೆಂಟು ಹೋಗಿ ಬಂತು. ಲ್ಯಾಬಿನ ಮೂವತ್ತನ್ನೂ ಕೈಯಾರೆ ಚಾಲೂ ಮಾಡಿ ಬಂದು ಸರ್ವರಿನ ಪರದೆ ನೋಡಿದೆ. ಪಡಿಯಚ್ಚು ಎಳೆಯುತ್ತಿರುವ ಯಂತ್ರಗಳು ಮೂವತ್ತೊಂದು. ಸಾಲಿನಲ್ಲಿ ಬೆರಳಿಟ್ಟು ಎಣಿಸಿದೆ, ಮೂವತ್ತು. ಪರದೆಯಲ್ಲಿ ಮತ್ತೆ ಮೂವತ್ತೊಂದು. ಆಗ ಗೋಡೆಯಾಚೆಯಿಂದ ಅಕ್ಕೋರ ದನಿ ಬಂತು: "ಏ ತಮ್ಮಾ, ಇದ್ಯಾಕ ತಾನ ಚಾಲೂ ಆಗೇದ ನೋಡು. ಏನೋ ನೀಲಿ ಪಟ್ಟಿ ಓಡಾಕತ್ತದ!"

ಕರೆಂಟು ಮರಳಿದೊಡನೆ ತಾನೇ ಎದ್ದು, ತನ್ನ ಡಿಸ್ಕಿಗಿಂತ ಮೊದಲು ನೆಟ್‌ವರ್ಕ್ ಹುಡುಕುವ ಯಂತ್ರ ಅದು. ನಾನು ಓಡಿ ಪ್ಲಗ್ ಕಿತ್ತಾಗ ಪಟ್ಟಿ ನೂರಕ್ಕೆ ಹನ್ನೊಂದು ದಾಟಿತ್ತು.

"ಅದರಾಗ ಹುಡುಗರ ಇಂಟರ್ನಲ್ ಅಂಕ ಅದಾವಪ" ಎಂದರು ಅಕ್ಕೋರು. ಈಗ ನಗುವಿರಲಿಲ್ಲ. "ನಾಳಿ ಕಳಸಬೇಕು. ಮಾಸ್ತರ ಕೊಟ್ಟ ಚೀಟಿ ಎಲ್ಲಾ ಹರದು ಒಗದೀನಿ. ನನ್ನ ನೌಕರಿ ಹೋತು."

ಉಸ್ತಾದರಿಗೆ ಫೋನು ಹಚ್ಚಿದೆ. ಅವರು ಬೈಯಲಿಲ್ಲ. "ಪ್ಲಗ್ ಹಾಕಬ್ಯಾಡ. ಏನೂ ಮುಟ್ಟಬ್ಯಾಡ. ನಾ ಬರಾಕತ್ತೀನಿ. ಅಲ್ಲೀತನಕ ಅಕ್ಕೋರ ಮುಂದ ಕುಂದ್ರು, ಓಡಿ ಹೋಗಬ್ಯಾಡ." ಓಡಿ ಹೋಗುವ ಯೋಚನೆ ನನಗೆ ಆಗಲೇ ಬಂದಿತ್ತು ಎಂದು ಅವರಿಗೆ ಹೇಗೆ ತಿಳಿಯಿತೋ. ಎರಡು ಬಸ್ಸು ಬದಲಿಸಿ ಅವರು ಬರುವವರೆಗೂ ಕುಳಿತೆ. ಅಕ್ಕೋರು ಸೆರಗಿನ ಅಂಚನ್ನು ಮಡಿಸುತ್ತಿದ್ದರು, ಬಿಡಿಸುತ್ತಿದ್ದರು. ಅಷ್ಟು ಉದ್ದದ ಮಧ್ಯಾಹ್ನವನ್ನು ನಾನು ಕಂಡಿಲ್ಲ.

ಉಸ್ತಾದರು ಬಂದವರೇ ಡಿಸ್ಕ್ ಬಿಚ್ಚಿ, ತಮ್ಮ ಯಂತ್ರಕ್ಕೆ ಜೋಡಿಸಿದರು. ಅದರ ಮೇಲೆ ಏನನ್ನೂ ಬರೆಯದೆ ಬರೀ ಹುಡುಕಲು ಹಚ್ಚಿದರು. ಡಿಸ್ಕಿನ ಮುಂಭಾಗ ಹಾಳಾಗಿತ್ತು. ಹಿಂಭಾಗದಲ್ಲಿ ಏನು ಉಳಿದಿದೆ ಎಂಬುದೇ ಪ್ರಶ್ನೆ. ನಡುಬೆರಳು ಮೇಜಿನ ಮೇಲೆ ಟಕ್ ಟಕ್ ಎನ್ನುತ್ತಿತ್ತು. ಅವರಿಗೂ ಹೆದರಿಕೆಯಾಗುತ್ತದೆ ಎಂದು ಅವತ್ತೇ ತಿಳಿದದ್ದು. ಕೊನೆಗೆ ಪರದೆಯ ಮೇಲೆ ಒಂದೊಂದೇ ಹೆಸರು ಮೂಡತೊಡಗಿತು. "ಅಕ್ಕೋರ, ಬರ್ರಿ, ಇದು ಹೌದೇನು ನೋಡ್ರಿ." ಅಕ್ಕೋರು ಬಗ್ಗಿ ನೋಡಿದರು, ಕುರ್ಚಿ ಹಿಡಿದು ಕೂತರು. ಅಂಕಗಳು ಉಳಿದಿದ್ದವು.

ಅಷ್ಟರಲ್ಲಿ ಪ್ರಿನ್ಸಿಪಾಲರು ಬಂದರು. "ಯಾರ್ರೀ ಇದನ್ನ ಮಾಡಿದವರು?"

"ತಪ್ಪು ನಂದ್ರೀ ಸರ" ಎಂದರು ಉಸ್ತಾದರು. "ಹೋದ ವರ್ಷ ಈ ಮಷೀನ್ ನಾನ ತುಂಬಿದ್ದೆ. ಮೊದಲು ಡಿಸ್ಕ್ ನೋಡು ಅಂತ ತಿರುಗಿಸಿ ಇಡೋದು ಮರತೆ."

ನಾನು ನೆಲ ನೋಡುತ್ತ ನಿಂತೆ. ಅಕ್ಕೋರೂ ಸುಮ್ಮನಿದ್ದರು.

ರಾಯಚೂರಿಗೆ ಮರಳುವ ಬಸ್ಸಿನಲ್ಲಿ, "ನನ್ನ ತಪ್ಪನ್ನ ನೀವ್ಯಾಕ ಹೊತ್ತುಕೊಂಡ್ರಿ?" ಎಂದೆ.

"ನಿಂದೆಲ್ಲಿ ಹೊತ್ತೀನಲೇ? ನಂದು ಇತ್ತು, ನಂದು ಹೇಳಿದೆ. ನಿಂದು ಇನ್ನೂ ಅಲ್ಲೇ ಅದ." ಮತ್ತೆ ಅವರು ಆ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ. ಮಾನ್ವಿಯ ಕೆಲಸ ಬಂದಾಗಲೆಲ್ಲ ಏನಾದರೂ ನೆವ ಹೇಳಿ ಅವರನ್ನೇ ಕಳಿಸುತ್ತಿದ್ದೆ.

ಹೋದ ಬೇಸಿಗೆಯಲ್ಲಿ ಉಸ್ತಾದರು ಎದೆನೋವಿನಿಂದ ತೀರಿಕೊಂಡರು. ಅದಾಗಿ ಕೆಲವು ತಿಂಗಳಿಗೆ ಅದೇ ಕಾಲೇಜಿನಿಂದ ಕರೆ ಬಂತು. ಕಳಿಸಲು ಯಾರೂ ಉಳಿದಿರಲಿಲ್ಲ. ಹೋದೆ. ಮೊದಲು ಆಫೀಸಿಗೆ ಹೋಗಿ ಅಕ್ಕೋರ ಯಂತ್ರದ ವೈರು ಕಿತ್ತು, ಸುತಳಿ ಬಿಗಿದೆ. ಇನ್ನೊಂದು ಸುತ್ತು ಹಾಕಿ ಮತ್ತೆ ಎಳೆದೆ. "ಅಕ್ಕೋರ, ಅವತ್ತು ಉಸ್ತಾದರದಲ್ಲ, ನಂದು ತಪ್ಪಿತ್ತು. ನಾ ವೈರ್ ಕಟ್ಟದ ಹೋದೆ."

ಅವರು ಸುತಳಿಯ ಗಂಟನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ, "ಬ್ಯಾಡ ಹೋಗು ಅಂದಾಕಿ ಯಾರು?" ಎಂದರು. "ಪ್ರಿನ್ಸಿಪಾಲರ ಮುಂದ ನಾನೂ ಬಾಯಿ ತೆರೀಲಿಲ್ಲಲ್ಲಪ."

ಸಂಜೆ ಕೆಲಸ ಮುಗಿಯಿತು. ಮೂವತ್ತು ಅಂದರೆ ಮೂವತ್ತೇ. ಆದರೂ ಮೂರು ಸಲ ಎಣಿಸಿದೆ. ಅಕ್ಕೋರು ತಮ್ಮ ಫೈಲ್ ನೋಡಿಕೊಂಡು ಗಂಟು ಬಿಚ್ಚಲು ಕೂತರು, ಬಿಚ್ಚಲಾಗಲಿಲ್ಲ. ಉಗುರು ಹಾಕಿದರು, ಹಲ್ಲು ಹಚ್ಚಿದರು. "ಯಪ್ಪಾ, ಇದೆಂಥಾ ಗಂಟೋ! ನಿಮ್ಮ ಉಸ್ತಾದರು ಕಟ್ಟಿದ್ದು ಒಂದ ಸಲ ಎಳದರ ಬಿಚ್ಚತಿತ್ತು."

"ಅವರು ನನಗೂ ಹಂಗ ಕಲಿಸ್ಯಾರ್ರೀ" ಎಂದೆ. "ನನಗ ಹೆದರಿಕಿ, ಅದಕ್ಕ ಬಿಗಿ ಆಗೇದ."

ಅವರು ಕತ್ತರಿಗೆ ಕೈ ಹಾಕಲಿಲ್ಲ. ನಾನೂ ಬಿಚ್ಚಿಕೊಡಲಿಲ್ಲ. ಬಸ್ಸಿಗೆ ಹೊತ್ತಾಗುತ್ತಿದ್ದರೂ ಬಾಗಿಲ ಬಳಿ ನಿಂತು ಕಾದೆ, ಅವರು ತಮ್ಮ ಕೈಯಾರೆ ಬಿಚ್ಚುವವರೆಗೆ.