ಸುಮತಕ್ಕನ ಸಿಡಿಲಿನ ಡಬ್ಬಿ

ಹೋದ ವಾರ ತೀರ್ಥಹಳ್ಳಿಯ ಒಂದು ಶಾಲೆಯವರು ವಿಜ್ಞಾನ ಪ್ರದರ್ಶನಕ್ಕೆ ನನ್ನನ್ನು ತೀರ್ಪುಗಾರನಾಗಿ ಕರೆದಿದ್ದರು. ವಿಜ್ಞಾನಕ್ಕೂ ನನಗೂ ಇರುವ ನಂಟು ಇಷ್ಟೇ: ಚರ್ಚಾಸ್ಪರ್ಧೆಗಳಲ್ಲಿ ಅದರ ಪರವಾಗಿ ಮಾತಾಡಿ ಒಂದಷ್ಟು ಬಹುಮಾನ ಹೊಡೆದಿದ್ದೇನೆ. ಸಾಲು ಮೇಜುಗಳ ಮೇಲೆ ಒಂದೇ ಅಂಗಡಿಯಿಂದ ಬಂದ ಒಂದೇ ಥರದ ಮೂರು ರೋಬೋಟುಗಳು. ಕೊನೆಯ ಮೇಜಿನಿಂದ ಮಾತ್ರ ಬೆಸುಗೆಯ ರಾಳ ಸುಟ್ಟ ವಾಸನೆ ಬಂತು. ಅಲ್ಲೊಬ್ಬಳು ಹುಡುಗಿ, ಟ್ಯಾಂಕು ತುಂಬಿದರೆ ಕೂಗುವ ಯಂತ್ರವನ್ನು ತಾನೇ ಬೆಸೆದು ತಂದಿದ್ದಳು.

ಜೊತೆಯ ತೀರ್ಪುಗಾರರು ಅಂಕದ ಹಾಳೆ ತೋರಿಸಿ, "ಕೂಗೋದೇನೋ ಕೂಗುತ್ತೆ. ಆದ್ರೆ ಫಿನಿಶಿಂಗ್ ಇಲ್ಲ ನೋಡಿ, ವೈರೆಲ್ಲ ಹೊರಗೇ ಕಾಣ್ತಿದೆ" ಎಂದರು.

ವೈರು ಕಾಣದ ಆ ರೋಬೋಟುಗಳ ಒಳಗೆ ಏನಿದೆ ಎಂದು ಅವುಗಳ ಒಡೆಯರನ್ನು ಕೇಳಿದೆ. "ಅದು ಓಪನ್ ಮಾಡಂಗಿಲ್ಲ ಸಾರ್" ಎಂದರು, ಮೂವರೂ. ಬಿಚ್ಚಿ ನೋಡಬಾರದ್ದಕ್ಕೆ ವಿಜ್ಞಾನ ಎಂದು ಹೆಸರಿಟ್ಟು ಬಹುಮಾನ ಬೇರೆ ಕೊಡುತ್ತೇವಲ್ಲ, ನನಗೆ ಮೈ ಉರಿಯಿತು. ಉರಿಯುವ ಯೋಗ್ಯತೆ ನನಗಿದೆಯೇ ಎಂಬುದನ್ನು ಮುಂದೆ ಓದಿ ನೀವೇ ಹೇಳಬೇಕು.

ಹೊಸನಗರದಲ್ಲಿ ನಮ್ಮ ಮನೆಯ ಎದುರಿಗೆ ಸುಮತಕ್ಕ ಇದ್ದರು, ಈಗಲೂ ಇದ್ದಾರೆ. ಕಸುಬು ರವಿಕೆ ಹೊಲಿಯುವುದು. ಜೈನರ ಮನೆ, ಹೊತ್ತು ಮುಳುಗುವ ಮೊದಲೇ ಊಟ ಮುಗಿಯುತ್ತಿತ್ತು. ಹಾಗಾಗಿ ಬೇರೆ ಮನೆಗಳಲ್ಲಿ ಸಾರು ಕಾಯುವಾಗ ಅವರ ಮನೆಯಲ್ಲಿ ಸೋಲ್ಡರಿಂಗ್ ಕಡ್ಡಿ ಕಾಯುತ್ತಿತ್ತು. ಒಮ್ಮೆ ಹೊಲಿಗೆ ಯಂತ್ರದ ಮೋಟರು ಕೆಟ್ಟು, ರಿಪೇರಿಯವನು ನಾಳೆ ನಾಳೆ ಎಂದು ಸತಾಯಿಸಿದ್ದಕ್ಕೆ ತಾವೇ ಬಿಚ್ಚಿದರಂತೆ. ಅಲ್ಲಿಂದ ಮುಂದೆ ಅವರು ಬಿಚ್ಚದೆ ಬಿಟ್ಟದ್ದು ಯಾವುದೂ ಇಲ್ಲ.

ಅವರ ಹೆಮ್ಮೆ ಒಂದು ಪ್ಲಾಸ್ಟಿಕ್ ಡಬ್ಬಿ. ಒಳಗೆ ಹಳೇ ರೇಡಿಯೋದ ಕರುಳು, ಒಂದು ಬಜರ್. ದೂರದಲ್ಲೆಲ್ಲೋ ಮಿಂಚಿದರೆ ರೇಡಿಯೋ ಕರಕರ ಎನ್ನುತ್ತದಲ್ಲ, ಆ ಕರಕರ ಹೆಚ್ಚಾದರೆ ಬಜರ್ ಕೂಗುತ್ತದೆ. ಗುಡುಗು ನಮ್ಮ ಕಿವಿಗೆ ಬೀಳುವ ಮೊದಲೇ.

"ಪುರಾವೆ ಎಂತ ಅಕ್ಕ?" ಎಂದೆ. ನಾನಾಗ ಒಂಬತ್ತನೇ ಕ್ಲಾಸು. ದೇವರಿಂದ ಹಿಡಿದು ಅಜ್ಜಿಯ ಕಷಾಯದವರೆಗೆ ಎಲ್ಲದಕ್ಕೂ ಪುರಾವೆ ಕೇಳುತ್ತಿದ್ದೆ.

"ಬಾಯಿ ಮುಚ್ಕಂಡು ಒಂದು ವಾರ ಇಲ್ಲಿ ಕೂತ್ಕ ಮಾರಾಯ. ಡಬ್ಬಿ ಕೂಗಿದ್ದು ಎಷ್ಟೊತ್ತಿಗೆ, ಗುಡುಗಿದ್ದು ಎಷ್ಟೊತ್ತಿಗೆ, ಬರಿ."

ಬರೆದೆ. ಹೆಚ್ಚಿನ ಸಲ ಡಬ್ಬಿಯೇ ಮೊದಲು ಕೂಗಿತ್ತು.

ಸುದ್ದಿ ನಮ್ಮ ಹೆಡ್ಮಾಸ್ಟರಿಗೂ ಮುಟ್ಟಿತು. ಅವರೊಂದು ಷರತ್ತು ಹಾಕಿದರು: ಚಿತ್ತೆ ಮಳೆ ಮುಗಿಯುವವರೆಗೆ ಡಬ್ಬಿ ಶಾಲೆಯ ಕಂಪ್ಯೂಟರ್ ಕೋಣೆ ಕಾಯಲಿ. ಕಾದರೆ ಪ್ರತಿ ಶನಿವಾರ ಅದೇ ಕೋಣೆಯಲ್ಲಿ ಮಕ್ಕಳಿಗೆ ಬೆಸುಗೆ ಕಲಿಸಲು ಸುಮತಕ್ಕನಿಗೆ ಅವಕಾಶ. ಸರ್ಕ್ಯೂಟನ್ನು ನೋಟ್ ಪುಸ್ತಕದಲ್ಲಿ ಅಂದವಾಗಿ ಬಿಡಿಸುವುದೊಂದೇ ನಮಗಿದ್ದ ಎಲೆಕ್ಟ್ರಾನಿಕ್ಸು. ಸುಮತಕ್ಕ ಸಾಗರಕ್ಕೆ ಹೋಗಿ ಹೊಸ ಕಡ್ಡಿಗಳನ್ನು ತಂದರು. ಮಕ್ಕಳ ಕೈ ಜಾರಬಾರದೆಂದು ಅವುಗಳ ಹಿಡಿಗೆ ರವಿಕೆ ಬಟ್ಟೆಯ ತುಂಡು ಸುತ್ತಿಟ್ಟರು.

ನಮ್ಮ ಕಡೆಯವರ ಅಭ್ಯಾಸ ಗೊತ್ತಲ್ಲ: ಮೋಡ ಗುರ್ ಎಂದರೆ ಸಾಕು, ಕೈ ಪ್ಲಗ್ಗಿಗೆ ಹೋಗುತ್ತದೆ. ಕಂಪ್ಯೂಟರ್ ಕೋಣೆಯಲ್ಲಿ ಆ ಕೆಲಸ ನನ್ನದಾಗಿತ್ತು. ಒಂದು ಸಂಜೆ ಗುಡುಗಿತು. ಇದ್ದಬದ್ದ ಪ್ಲಗ್ಗನ್ನೆಲ್ಲ ಕಿತ್ತೆ, ಡಬ್ಬಿಯದ್ದನ್ನೂ ಸೇರಿಸಿ. ಮರುದಿನ ಬೆಳಗ್ಗೆ ಕಂಪ್ಯೂಟರುಗಳದ್ದನ್ನು ಹಾಕಿದೆ. ಡಬ್ಬಿಯದ್ದನ್ನು ಮರೆತೆ. ಅವತ್ತು ಮಧ್ಯಾಹ್ನ, ತಲೆಯ ಮೇಲೆ ಬಿಸಿಲಿರುವಾಗಲೇ, ಗುಡ್ಡದ ಆಚೆ ಬಡಿದ ಸಿಡಿಲು ತಂತಿ ಹಿಡಿದು ಬಂತು. ಕಂಪ್ಯೂಟರುಗಳು ಸುಟ್ಟವು. ಡಬ್ಬಿ ಕೂಗಲಿಲ್ಲ.

ಸುಮತಕ್ಕನನ್ನು ಕರೆಸಿದರು. "ಏನ್ರೀ ಸುಮತಮ್ಮ, ನಿಮ್ಮ ಡಬ್ಬಿ ನಿದ್ದೆ ಮಾಡ್ತಿತ್ತಾ?" ಎಂದರು ಹೆಡ್ಮಾಸ್ಟರು.

"ರವಿಕೆ ಹೊಲಿದಷ್ಟು ಸುಲಭ ಅಲ್ಲಮ್ಮ ಇದು" ಎಂದರು ವಿಜ್ಞಾನದ ಮೇಷ್ಟ್ರು, ಜೀವಮಾನದಲ್ಲಿ ಒಂದು ತಂತಿ ಬೆಸೆಯದವರು. ನಗು ಎದ್ದಿತು. ಮೇಷ್ಟ್ರು ನನ್ನ ಕಡೆ ತಿರುಗಿದರು. "ನೀನು ಹೇಳೋ ಭಾಷಣಕಾರ, ಒಂದು ವಾರ ಕೂತು ನೋಡಿದ್ಯಲ್ಲ."

ಗೋಡೆಯ ಬದಿಗೆ ನೇತಾಡುತ್ತಿದ್ದ ಪ್ಲಗ್ಗು ನನಗೆ ಕಾಣುತ್ತಿತ್ತು. ನಾನು ಹೇಳಿದ್ದು: "ಒಂದು ವಾರ ಕೆಲಸ ಮಾಡಿದ್ದನ್ನ ಪುರಾವೆ ಅನ್ನಕ್ಕಾಗಲ್ಲ ಸಾರ್. ಅದು ಕಾಕತಾಳೀಯನೂ ಇರಬಹುದು."

ಎಂಥ ಚಂದದ ವಾಕ್ಯ ನೋಡಿ. ಹೇಡಿತನಕ್ಕೆ ಸಂಶಯವಾದದ ಅಂಗಿ ತೊಡಿಸಿದರೆ ಎಷ್ಟು ಸಭ್ಯವಾಗಿ ಕಾಣುತ್ತದೆ. ಇಂದಿಗೂ ಯಾರಾದರೂ ಸಭೆಯಲ್ಲಿ ಆ ಮಾತಾಡಿದರೆ ಮೊದಲು ಅವರ ಕೈ ನೋಡುತ್ತೇನೆ, ಯಾವ ಪ್ಲಗ್ಗು ಕಿತ್ತ ಕೈಯೋ ಎಂದು.

ಸುಮತಕ್ಕ ಪ್ಲಗ್ಗನ್ನು ನೋಡಿದರು, ನನ್ನನ್ನು ನೋಡಿದರು. ಡಬ್ಬಿಗೆ ವೈರು ಸುತ್ತುತ್ತಾ, "ಬ್ಯಾಟರಿ ಹಾಕ್ಬೇಕಿತ್ತು ಸಾರ್. ಗುಡುಗಿದ್ರೆ ಪ್ಲಗ್ ಕೀಳೋ ಊರಲ್ಲಿ ಪ್ಲಗ್ ನಂಬಿದ್ದು ನಂದೇ ತಪ್ಪು" ಎಂದರು. ಯಾರಿಗೂ ಅರ್ಥವಾಗಲಿಲ್ಲ, ನನ್ನೊಬ್ಬನನ್ನು ಬಿಟ್ಟು. ಶನಿವಾರದ ತರಗತಿ ನಡೆಯಲೇ ಇಲ್ಲ.

ತೀರ್ಥಹಳ್ಳಿಯ ಹುಡುಗಿಗೆ ನಾನು ಪೂರ್ತಿ ಅಂಕ ಕೊಟ್ಟೆ. ಜೊತೆಯವರ ಲೆಕ್ಕ ಸೇರಿ ಅವಳಿಗೆ ಸಮಾಧಾನಕರ ಬಹುಮಾನ ಬಂತು. ವಾದ ಮಾಡಿ ಸೋತು, ಅಲ್ಲಿಂದ ಹೊಸನಗರದ ಬಸ್ಸು ಹತ್ತಿದೆ. ಸುಮತಕ್ಕ ಗುಂಡಿ ಹೊಲಿಯುತ್ತಿದ್ದರು.

"ಅಕ್ಕ, ಅವತ್ತು ಡಬ್ಬಿ ಪ್ಲಗ್ ಹಾಕದೇ ಇದ್ದದ್ದು ನಾನು."

"ಗೊತ್ತಿತ್ತು ಮಾರಾಯ. ನಂಗೆ ಎಂತಕ್ಕೆ ಹೇಳ್ತಿ? ನನ್ನತ್ರ ಶಾಲೆ ಬೀಗದಕೈ ಇದ್ಯಾ?"

ಇವತ್ತು ಬೆಳಗ್ಗೆ ಶಾಲೆಗೆ ಹೋದೆ. ಈಗಿನ ಹೆಡ್‌ಮೇಡಂ ನನ್ನ ಪತ್ರವನ್ನು ಎರಡು ಸಲ ಓದಿದರು. ಮೊದಲ ಸಾಲಲ್ಲಿ ಪ್ಲಗ್ಗಿನ ವಿಷಯ, ಎರಡನೆಯದರಲ್ಲಿ ಸುಮತಕ್ಕನಿಗೆ ಶನಿವಾರ ಕೋಣೆ ಕೊಡಿ ಎಂಬ ಕೋರಿಕೆ.

"ಮಕ್ಕಳ ಕೈಗೆ ಕಾದ ಕಡ್ಡಿ ಕೊಡ್ತೀರಿ. ಹೆಚ್ಚುಕಮ್ಮಿ ಆದ್ರೆ ಯಾರನ್ನ ಕೇಳ್ಲಿ?"

ಈ ಪ್ರಶ್ನೆಗೆ ನನ್ನ ಬಳಿ ನಾಲ್ಕು ಜಾಣ ಉತ್ತರಗಳಿದ್ದವು. "ನನ್ನನ್ನ ಕೇಳಿ ಮೇಡಂ" ಎಂದು, ಪತ್ರದ ಕೆಳಗೆ ಅದನ್ನೂ ಬರೆದು ಸಹಿ ಹಾಕಿದೆ.