ಸೀನರಿಯ ಊರಿನಿಂದ ಮಲ್ಲಿಗೆ ತಂದದ್ದು

ನಮ್ಮಪ್ಪನ ಅರ್ಧ ಆಯುಷ್ಯ ಹೂ ಮುರಿಯುವುದರಲ್ಲೇ ಕಳೆದಿತ್ತು. ಹಾರನಹಳ್ಳಿ ಹೋಬಳಿಯ ನಮ್ಮೂರಿನಲ್ಲಿ ಹೊಗೆಸೊಪ್ಪು ಬೆಳೆಯುವವರೆಲ್ಲರ ಕಸುಬೂ ಅದೇ. ಗಿಡ ಹೂ ಬಿಟ್ಟರೆ ಎಲೆ ಸೊರಗುತ್ತದೆಂದು ಮೊಗ್ಗು ಕಂಡಲ್ಲೇ ಚಿವುಟಿ ಬಿಸಾಡಬೇಕು. ಅಂಥ ಮನುಷ್ಯನಿಗೆ, ಎಪ್ಪತ್ತರ ದಶಕ ಶುರುವಾದ ಹೊಸದರಲ್ಲಿ, ಮಲ್ಲಿಗೆ ಬೆಳೆಯಬೇಕೆಂಬ ಜ್ಞಾನೋದಯವಾಯಿತು. ಮಂಗಳೂರಿನಾಚೆ ಸಮುದ್ರದ ಪಕ್ಕ ಒಂದು ಸಣ್ಣ ಊರಿದೆ, ಮನೆಮನೆಗೂ ಮಲ್ಲಿಗೆ ತೋಟ, ಜೊತೆಗೆ ಒಳ್ಳೇ ಸೀನರಿ ಎಂದು ಪಿರಿಯಾಪಟ್ಟಣದ ಸಂತೆಯಲ್ಲಿ ಯಾರೋ ಹೇಳಿದರಂತೆ. ಅಪ್ಪನ ತಲೆಯೊಳಗೆ ಹೋದದ್ದು ಮಲ್ಲಿಗೆ ಮಾತ್ರ.

ಅವ್ವನ ಕಿವಿಗೆ ಬಿದ್ದದ್ದು ಸಮುದ್ರ. ಅವಳ ತವರು ನಮ್ಮ ಸೀಮೆಯದೇ ಸಾಲಿಗ್ರಾಮದ ಕಡೆ. ಅಲ್ಲಿನ ಕಾವೇರಿ ಹೊಳೆಗಿಂತ ದೊಡ್ಡ ನೀರನ್ನು ಅವಳು ಕಂಡವಳಲ್ಲ.

"ನಾನೂ ಬತ್ತೀನಿ. ಸಾಯೋದ್ರೊಳ್ಗೆ ಒಂದ್ಸಲ ಸಮುದ್ರ ನೋಡ್ಬೇಕು" ಎಂದಳು.

ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಅವಳು ತನಗೆಂದು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಅಪ್ಪ ಮಹಾ ಉದಾರಿ. "ಬಾ, ಗಿಡ ಇಡ್ಕೊಳ್ಳೋಕೆ ಒಬ್ರು ಬೇಕಲ್ಲ" ಎಂದ. ಎಸ್ಸೆಸ್ಸೆಲ್ಸಿ ಫೇಲಾಗಿ ಮನೆಯಲ್ಲಿ ಕೂತಿದ್ದ ನನ್ನನ್ನೂ ಕರೆದುಕೊಂಡರು. ಫೇಲಾದವಳಾದರೂ ಬಸ್ಸಿನ ಬೋರ್ಡು ಓದಬಲ್ಲೆ ಎಂಬಷ್ಟು ನಂಬಿಕೆ ಇತ್ತು.

ಮಡಿಕೇರಿ ದಾಟಿ ಘಾಟಿ ಇಳಿಯುವಾಗ ಅಪ್ಪ ಉದ್ದಕ್ಕೂ ಕಿಟಕಿಯಿಂದ ತಲೆ ಹೊರಗೆ ಹಾಕಿಯೇ ಇದ್ದ. ಸೀನರಿ ನೋಡುವುದಕ್ಕಲ್ಲ. ಮಂಗಳೂರಿನ ಛತ್ರದಲ್ಲಿ ಮಲಗಿ, ಮರುದಿನ ಮಧ್ಯಾಹ್ನದ ಹೊತ್ತಿಗೆ ಆ ಊರು ಸೇರಿದೆವು. ತೋಟದ ಒಡತಿ ಒಬ್ಬ ಅಜ್ಜಿ. ಸಾಲಿನ ನಡುವೆ ನಡೆಯುತ್ತಿದ್ದ ಹಾಗೆಯೇ ಅಪ್ಪನ ಬೆರಳು ಅಭ್ಯಾಸಬಲದಿಂದ ಎರಡು ಕುಡಿಯನ್ನು ಮೊಗ್ಗಿನ ಸಮೇತ ಚಿವುಟಿ ನೆಲಕ್ಕೆ ಹಾಕಿತು.

"ಎಂತ ಮಾಡುದು ಮಾರಾಯ್ರೆ ನೀವು? ಹೂ ಬೆಳೆಸ್ಲಿಕ್ಕೆ ಬಂದದ್ದಾ, ಮುರೀಲಿಕ್ಕಾ?" ಎಂದು ಅಜ್ಜಿ ಕೂಗಿಕೊಂಡಿತು.

ಆಮೇಲೆ ಅಜ್ಜಿಯೇ ಸಮಾಧಾನ ಮಾಡಿಕೊಂಡು, ಬೇರು ಒಡೆದ ಕಡ್ಡಿಗಳನ್ನು ಗೋಣಿಯಲ್ಲಿ ಸುತ್ತಿಕೊಟ್ಟಿತು. ಊರು ಮುಟ್ಟುವವರೆಗೆ ಗೋಣಿ ಒಣಗಬಾರದು ಎಂದಿತು. ಅವ್ವನ ಕಡೆ ತಿರುಗಿ, "ಸಮುದ್ರ ನೋಡಿದ್ರಾ? ಇಲ್ಲೇ ಹಿಂದೆ ಉಂಟು" ಎಂದಿತು. ಅವ್ವ ಆಗಲೇ ಎದ್ದು ನಿಂತಿದ್ದಳು.

"ಸಮುದ್ರ ಎಲ್ಲೂ ಓಡೋಗಕಿಲ್ಲ, ಬಸ್ಸು ಒಂಟೋಯ್ತದೆ" ಎಂದ ಅಪ್ಪ. "ನೀರ್ ತಾನೆ? ಕೆರೆ ನೋಡಿಲ್ವಾ ನೀನು?"

ಅವ್ವ ಕೂತಳು. ತೆಂಗಿನ ಮರಗಳ ಹಿಂದಿನಿಂದ ಅಲೆಯ ಸದ್ದು ಕೇಳುತ್ತಲೇ ಇತ್ತು. ನನಗೆ ಅಪ್ಪನ ಮೇಲೆ ಎಷ್ಟು ರೇಗಿತೆಂದರೆ, ಅಜ್ಜಿ ಕೊಟ್ಟ ಬೆಲ್ಲದ ನೀರನ್ನು ಹಾಗೇ ಕೆಳಗಿಟ್ಟೆ. ಅಪ್ಪನಿಗೋ ಗೊಬ್ಬರದ ಮಾತು ಮುಗಿಯುತ್ತಿಲ್ಲ. ಬಸ್ಸು ಹೊರಟುಹೋಗುತ್ತದೆಂದವನೇ ಮುಕ್ಕಾಲು ಗಂಟೆ ಕಹಿಬೇವಿನ ಹಿಂಡಿಯ ಬಗ್ಗೆ ವಿಚಾರಿಸಿದ. ನಡುವೆ ಅವನ ಕಣ್ಣು ಗೋಣಿಯ ಮೇಲೆ ಬಿತ್ತು.

"ಲೇ, ಅದು ಒಣಗ್ತಾದೆ. ಒಸಿ ಒದ್ದೆ ಮಾಡ್ಕೊಂಡ್ ಬಾ."

ಬಾವಿ ಅಂಗಳದಲ್ಲೇ ಇತ್ತು. ಹಗ್ಗ, ಕೊಡಪಾನ ಎಲ್ಲ ಸಿದ್ಧ. ಅವ್ವ ಗೋಣಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬಾವಿಯನ್ನು ದಾಟಿ ನಡೆದಳು. ಬಚ್ಚಲು ದಾಟಿದಳು, ತೆಂಗಿನ ಸಾಲು ದಾಟಿದಳು. ಕೊನೆಗೆ ಮರಳಿನಲ್ಲಿ ಓಡತೊಡಗಿದಳು. ನಾನು ಹಿಂದೆಯೇ ಓಡಿದೆ.

"ಅಯ್ಯೋ, ಇಷ್ಟೊಂದ್ ನೀರಾ!" ಎಂದು ನಿಂತುಬಿಟ್ಟಳು. ಆಮೇಲೆ, ಹೇಳಿದ ಕೆಲಸ ಮಾಡಬೇಕಲ್ಲ, ಸೀರೆ ಎತ್ತಿ ಕಟ್ಟಿ ನೀರಿಗಿಳಿದು ಗೋಣಿಯನ್ನು ಚೆನ್ನಾಗಿ ಅದ್ದಿದಳು. ಅಷ್ಟರಲ್ಲಿ ಒಂದು ಅಲೆ ಬಂದು ಅವಳನ್ನೂ ಎದೆಯವರೆಗೆ ನೆನೆಸಿಹೋಯಿತು. ಅವಳು ನಕ್ಕಳು. ಅವ್ವನಿಗೆ ಅಷ್ಟು ಜೋರಾಗಿ ನಗಲು ಬರುತ್ತದೆಂದು ನನಗೆ ಅವತ್ತಿನವರೆಗೆ ಗೊತ್ತೇ ಇರಲಿಲ್ಲ. ಖುಷಿಗೆ ನನ್ನ ಕಣ್ಣು ತುಂಬಿತು.

ತುಟಿ ನೆಕ್ಕಿದವಳೇ "ಥೂ, ಉಪ್ಪು!" ಎಂದಳು. ಇಬ್ಬರೂ ಗೋಣಿಯನ್ನು ನೋಡಿದೆವು.

"ಗಿಡ ಸತ್ತೋಯ್ತವೆ ಕಣವ್ವ" ಎಂದೆ.

"ಬುಡು, ಬಾವಿ ನೀರಲ್ಲಿ ತೊಳದ್ರಾಯ್ತು" ಎಂದಳು. ಆದರೆ ಅಂಗಳಕ್ಕೆ ಬರುವಷ್ಟರಲ್ಲಿ ಅಪ್ಪ ಬಸ್ಸು ಬಸ್ಸು ಎಂದು ಕುಣಿಯುತ್ತಿದ್ದ. ಅವಳ ಸೀರೆ ನೋಡಿ, ಬಾವಿ ಸೇದಲೂ ಬರದವಳೆಂದು ಬೈದ. ಅವ್ವ ಉಪ್ಪುನೀರಿನ ಗೋಣಿಯನ್ನು ಹಾಗೇ ಕಂಕುಳಲ್ಲಿಟ್ಟುಕೊಂಡು ಬಸ್ಸಿನತ್ತ ನಡೆದಳು.

ಊರಿಗೆ ಬಂದ ಮೇಲೆ ಜಗಲಿಯಲ್ಲಿ ಸಮುದ್ರವರ್ಣನೆ ಶುರುವಾಯಿತು. ವರ್ಣಿಸಿದವನು ಅಪ್ಪ. "ಅಲೆ ಅಂದ್ರೆ ತೆಂಗಿನ್ ಮರದೆತ್ರ ಕಣ್ಲಾ!" ಎಂದು ಎರಡೂ ಕೈ ಎತ್ತಿ ತೋರಿಸುತ್ತಿದ್ದ. ಸಮುದ್ರವನ್ನು ನೋಡಿಬಂದವಳು ಒಳಗೆ ಸೊಪ್ಪು ಸೋಸುತ್ತಿದ್ದಳು.

ಕಡ್ಡಿಗಳು ಎಂಟೇ ದಿನದಲ್ಲಿ ಕರಕಲಾದವು. ಅಪ್ಪ ಮೊದಲು ಮಣ್ಣನ್ನು ಬೈದ, ಆಮೇಲೆ ಅಜ್ಜಿಯನ್ನು, ಆಮೇಲೆ ಪಕ್ಕದವರು ಹೊಗೆಸೊಪ್ಪು ಹದಮಾಡುವ ಬ್ಯಾರನ್ನಿನ ಹೊಗೆಯನ್ನು. ಕೊನೆಗೆ ಯಾರೋ ಕಣ್ಣು ಹಾಕಿದ್ದಾರೆಂದು ತೀರ್ಮಾನವಾಯಿತು. ಅವ್ವ ಮಾತ್ರ ದಿನಾ ಸಂಜೆ ಆ ಸತ್ತ ಕಡ್ಡಿಗಳಿಗೆ ನೀರು ಹೊಯ್ಯುತ್ತಿದ್ದಳು. ಊಟವೂ ಸೇರುತ್ತಿರಲಿಲ್ಲ. ಅಪ್ಪನಿಗೆ ನಿಜ ಹೇಳಿಬಿಡು ಎಂದು ನಾನು ಎರಡು ಸಲ ಹೇಳಿದೆ.

ಒಂದು ಮಧ್ಯಾಹ್ನ ಉಣ್ಣುತ್ತಾ ಅಪ್ಪ ಘೋಷಿಸಿದ: "ನಾನ್ ಬುಡಕಿಲ್ಲ. ಇನ್ನೊಂದ್ಸಲ ಓಗಿ ತತ್ತೀನಿ."

ಮುದ್ದೆ ಕಟ್ಟುತ್ತಿದ್ದ ಅವ್ವನ ಕೈ ನಿಂತಿತು. ನನ್ನ ಮುಖ ನೋಡಿದಳು. ಈಗ ಒಪ್ಪಿಕೊಂಡುಬಿಡುತ್ತಾಳೆ ಎಂದುಕೊಂಡೆ. ಅವಳು ಅಪ್ಪನ ತಟ್ಟೆಗೆ ಮುದ್ದೆ ಇಟ್ಟು, ನಿಧಾನವಾಗಿ ಕೈ ತೊಳೆದುಕೊಂಡಳು.

"ನಾನೂ ಬತ್ತೀನಿ" ಎಂದಳು. "ಗೋಣಿ ಒದ್ದೆ ಮಾಡೋಕೆ ಒಬ್ರು ಬೇಕಲ್ಲ."